ದೂರದ ದಾರಿಗೆ ಬೈಕ್ ಬ್ಯಾಟರಿ: ಹೊರಡುವ ಮುಂಚೆ ಅಳೆಯುವುದು ಹೇಗೆ, ದಾರಿಯಲ್ಲಿ ಕೈಕೊಟ್ಟರೆ ಏನು ಮಾಡಬೇಕು

ಸೆಲ್ಫ್ ಒತ್ತಿದಾಗ ಬರೀ 'ಟಕ್ ಟಕ್' ಸದ್ದು ಬಂದರೆ ಎಲ್ಲರೂ ಹೇಳುವುದು ಒಂದೇ ಮಾತು: ಬ್ಯಾಟರಿ ಹೋಯ್ತು. ಸಿಕ್ಕಿದ ಅಂಗಡಿಯಲ್ಲಿ ಹೊಸದು ಹಾಕಿಸುತ್ತಾರೆ, ಬೈಕ್ ಹೊರಡುತ್ತದೆ, ಮುಂದಿನ ಊರು ಮುಟ್ಟುವಷ್ಟರಲ್ಲಿ ಮತ್ತೆ ಅದೇ ಪಾಡು. ತಪ್ಪು ಇದ್ದದ್ದು ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಕಾಯಿಲ್‌ನಲ್ಲೋ, ಆ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಮಾಡಿಕೊಡುವ ರೆಕ್ಟಿಫೈಯರ್‌ನಲ್ಲೋ. ಎಷ್ಟೋ ಸಲ ಟರ್ಮಿನಲ್‌ನ ಒಂದು ಸಡಿಲ ನಟ್ಟಿನಲ್ಲಿ. ಹಾಗಾಗಿ ಮೀಟರ್ ಇಟ್ಟು ಅಳೆಯದೆ ಬ್ಯಾಟರಿಗೆ ದುಡ್ಡು ಕೊಡಬೇಡಿ. ಕೆಲವು ನೂರು ರೂಪಾಯಿಯ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು.

ಇದನ್ನೆಲ್ಲ ಹೊರಡುವ ಹಿಂದಿನ ರಾತ್ರಿ ಮಾಡಿದರೆ ಪ್ರಯೋಜನವಿಲ್ಲ. ಕನಿಷ್ಠ ಎರಡು ವಾರ ಮೊದಲು ಮಾಡಿ. ಏನಾದರೂ ಸಿಕ್ಕಿಬಿದ್ದರೆ ಸರಿಮಾಡಿಸಿ, ತುಮಕೂರಿನಿಂದ ದೇವರಾಯನದುರ್ಗಕ್ಕೋ ಮಧುಗಿರಿಗೋ ಒಂದು ಸುತ್ತು ಹೋಗಿಬಂದು ಮತ್ತೆ ಅಳೆಯಲು ಸಮಯ ಇರುತ್ತದೆ.

ಬ್ಯಾಟರಿ ಹಾಳಾಗುವ ಬಗೆ

12 ವೋಲ್ಟ್ ಬ್ಯಾಟರಿಯೊಳಗೆ ಆರು ಸೆಲ್ ಇರುತ್ತವೆ, ಪೂರ್ತಿ ತುಂಬಿದಾಗ ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕಟ್ಟುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿಹೋಗುತ್ತದೆ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಪ್ಲೇಟಿನ ಆ ಭಾಗ ಇನ್ನು ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ಬ್ಯಾಟರಿ ಸಾಯುವುದು ಹೀಗೆ, ನಿಧಾನವಾಗಿ, ಯಾರ ಗಮನಕ್ಕೂ ಬಾರದೆ.

ತುಮಕೂರಿನೊಳಗಿನ ದಿನನಿತ್ಯದ ಓಡಾಟ ಇದಕ್ಕೆ ನೇರ ಕಾರಣ. ಬಟವಾಡಿಯಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಬ್ಯಾಂಕಿಗೆ, ಮತ್ತೆ ಮನೆಗೆ: ಪ್ರತಿ ನಿಲುಗಡೆಗೂ ಒಂದು ಸೆಲ್ಫ್. ಸೆಲ್ಫ್ ಮೋಟರ್ 80 ಆಂಪಿಯರ್‌ನಂತೆ ಎರಡು ಸೆಕೆಂಡ್ ಎಳೆದರೆ ಖರ್ಚಾಗುವುದು 0.05 ಆಂಪಿಯರ್ ಅವರ್‌ಗಿಂತ ಕಡಿಮೆ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್). ಲೆಕ್ಕಕ್ಕೆ ಸಣ್ಣದು. ಆದರೆ ಅದನ್ನು ಹಿಂತುಂಬಲು, ಉಳಿದ ಖರ್ಚೆಲ್ಲ ಕಳೆದು ಒಂದು ಆಂಪಿಯರ್ ಬ್ಯಾಟರಿಗೆ ಸಿಕ್ಕರೂ, ಮೂರು ನಾಲ್ಕು ನಿಮಿಷ ಬೇಕು. ಬಿ.ಎಚ್. ರಸ್ತೆಯ ಸಿಗ್ನಲ್‌ಗಳಲ್ಲಿ ಐಡ್ಲಿಂಗ್‌ನಲ್ಲಿ ನಿಂತ ಬೈಕಿಗೆ ಆ ಒಂದು ಆಂಪಿಯರೂ ಸಿಗುವುದು ಕಷ್ಟ. 2017ರ ಏಪ್ರಿಲ್‌ನಿಂದ ಹೊಸ ಬೈಕ್‌ಗಳಲ್ಲಿ ಹೆಡ್‌ಲೈಟ್ ಸದಾ ಉರಿಯಬೇಕೆಂಬ ನಿಯಮ ಇರುವುದರಿಂದ ಹಗಲಲ್ಲೂ ಆ ಖರ್ಚು ತಪ್ಪಿದ್ದಲ್ಲ. ಹೀಗೆ ಬ್ಯಾಟರಿ ವರ್ಷವಿಡೀ ಮುಕ್ಕಾಲು ತುಂಬಿದ ಸ್ಥಿತಿಯಲ್ಲೇ ಸವೆಯುತ್ತದೆ.

ಬಿಸಿಲು ಇನ್ನೊಂದು ಶತ್ರು. ಸೀಸದ ಬ್ಯಾಟರಿ ಸದಾ ಇರುವ ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕೆಲಸದಲ್ಲಿರುವವರು ಹಿಡಿದುಕೊಂಡ ಲೆಕ್ಕ. ಪಾವಗಡ, ಶಿರಾ ಕಡೆ ಬೇಸಿಗೆಯಲ್ಲಿ ದಿನವಿಡೀ ಬಿಸಿಲಲ್ಲಿ ನಿಲ್ಲುವ ಬೈಕಿನ ಬ್ಯಾಟರಿ ನೆರಳಲ್ಲಿ ನಿಲ್ಲುವ ಬೈಕಿನದಕ್ಕಿಂತ ಬೇಗ ಸೋಲುವುದು ಇದರಿಂದಲೇ. ಮೂರನೆಯದು ಅದುರುವಿಕೆ. ಬ್ಯಾಟರಿ ಬಾಕ್ಸಿನ ರಬ್ಬರ್ ಪ್ಯಾಡ್ ಬಿದ್ದುಹೋಗಿದ್ದರೆ, ಮೇಲಿನ ಪಟ್ಟಿ ಸಡಿಲವಿದ್ದರೆ, ಪ್ಲೇಟಿಗೆ ಮೆತ್ತಿದ ಸೀಸದ ಪುಡಿ ಉದುರಿ ತಳದಲ್ಲಿ ಶೇಖರವಾಗುತ್ತದೆ. ಆ ಪುಡಿ ಎರಡು ಪ್ಲೇಟುಗಳನ್ನು ಮುಟ್ಟಿಸಿದ ದಿನ ಒಂದು ಸೆಲ್ ಶಾರ್ಟ್. ಎಷ್ಟು ಚಾರ್ಜ್ ಮಾಡಿದರೂ ವೋಲ್ಟೇಜ್ 10.5ರ ಆಸುಪಾಸಿನಲ್ಲೇ ನಿಂತರೆ ಅಂಥ ಬ್ಯಾಟರಿಯ ಆಸೆ ಬಿಡಿ.

ಮೂರು ಅಳತೆ

ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಪ್ರೋಬ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ತಂತಿಯ ತುದಿಯ ಲೋಹದ ಬಳೆಗೆ (ಲಗ್) ತಾಗಿಸಬೇಡಿ, ಬ್ಯಾಟರಿಯ ಸೀಸದ ಕಂಬಕ್ಕೇ ತಾಗಿಸಿ.

ಮೊದಲನೆಯದು, ಬೈಕ್ ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚಿನ ಅಳತೆ. ಓಡಿಸಿ ಬಂದ ಕೂಡಲೇ ನೋಡಿದರೆ ಮೇಲುಮೇಲಿನ ಚಾರ್ಜ್‌ನಿಂದಾಗಿ ವೋಲ್ಟೇಜ್ ಹೆಚ್ಚು ತೋರಿಸಿ ಮೋಸ ಮಾಡುತ್ತದೆ. 12.7 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 12.4ಕ್ಕಿಂತ ಕೆಳಗಿದ್ದರೆ ಚಾರ್ಜರ್‌ಗೆ ಹಾಕಿ, ಮಾರನೆಯ ದಿನ ಮತ್ತೆ ಅಳೆಯಿರಿ. ತುಂಬಿಸಿದ ಬ್ಯಾಟರಿ ಒಂದು ರಾತ್ರಿಯಲ್ಲೇ ಮತ್ತೆ 12.4ಕ್ಕಿಳಿದರೆ ಅದು ಚಾರ್ಜ್ ಹಿಡಿದಿಡುತ್ತಿಲ್ಲ, ಇಲ್ಲವೇ ಬೈಕಿನಲ್ಲಿ ಎಲ್ಲೋ ಸೋರಿಕೆ ಇದೆ. ಯಾವುದೆಂದು ತಿಳಿಯಲು ಮೈನಸ್ ತಂತಿ ಬಿಚ್ಚಿಟ್ಟು ಇನ್ನೊಂದು ರಾತ್ರಿ ನೋಡಿ.

ಎರಡನೆಯದು, ಸೆಲ್ಫ್ ಒತ್ತುವಾಗಿನ ಅಳತೆ. ಪ್ರೋಬ್ ಹಿಡಿದುಕೊಂಡೇ ಇರಿ, ಇನ್ನೊಬ್ಬರು ಸೆಲ್ಫ್ ಒತ್ತಲಿ. ಅಂಕಿ ಕಣ್ಣಿಗೆ ಸಿಗದಷ್ಟು ಬೇಗ ಬದಲಾಗುತ್ತದೆ, ಆದ್ದರಿಂದ ಮೀಟರಿನ ಪರದೆಯನ್ನು ಫೋನಿನಲ್ಲಿ ವಿಡಿಯೊ ಮಾಡಿ ನಿಧಾನಗತಿಯಲ್ಲಿ ನೋಡಿ. ಅತಿ ಕೆಳಗಿನ ಅಂಕಿ 10ರ ಮೇಲಿದ್ದರೆ ಬ್ಯಾಟರಿಗೆ ಶಕ್ತಿ ಇದೆ. 9.6ಕ್ಕಿಂತ ಕೆಳಗಿಳಿದರೆ, ಅದೂ ನಿಂತಾಗ 12.7 ತೋರಿಸುತ್ತಿದ್ದರೂ ಕೂಡ, ಅದನ್ನು ನಂಬಿ ದೂರ ಹೋಗಬೇಡಿ. ನಿಂತಾಗಿನ ವೋಲ್ಟೇಜ್ ಚೆನ್ನಾಗಿದೆ ಎಂದು ಸಮಾಧಾನ ಪಟ್ಟುಕೊಂಡು ಹೊರಟವರೇ ಹೆಚ್ಚಾಗಿ ದಾರಿಯಲ್ಲಿ ಸಿಕ್ಕಿಬೀಳುವುದು. ಬ್ಯಾಟರಿಯ ನಿಜವಾದ ಬಲ ತಿಳಿಯುವುದು ಈ ಎರಡನೆಯ ಅಳತೆಯಲ್ಲಿ.

ಮೂರನೆಯದು, ಎಂಜಿನ್ ಓಡುವಾಗಿನ ಅಳತೆ. ಐಡ್ಲಿಂಗ್‌ನಲ್ಲಿ ಸುಮಾರು 13 ವೋಲ್ಟ್ ಇದ್ದರೂ ಚಿಂತೆಯಿಲ್ಲ. 4000ದಿಂದ 5000 ಆರ್‌ಪಿಎಂಗೆ ಏರಿಸಿದಾಗ 13.5ರಿಂದ 14.8ರ ಒಳಗೆ ನಿಲ್ಲಬೇಕು. ಈಗ ಹೆಡ್‌ಲೈಟ್ ಹೈಬೀಮ್, ಫಾಗ್ ಲೈಟ್, ಬ್ರೇಕ್ ಲೈಟ್ ಎಲ್ಲ ಹಾಕಿ ಮತ್ತೆ ನೋಡಿ, 13.2ಕ್ಕಿಂತ ಕೆಳಗಿಳಿದರೆ ನೀವು ಹಾಕಿಸಿದ ಲೈಟುಗಳ ಖರ್ಚು ಬೈಕಿನ ಉತ್ಪಾದನೆಯನ್ನು ಮೀರುತ್ತಿದೆ. 15 ದಾಟಿದರೆ ರೆಕ್ಟಿಫೈಯರ್ ಕೆಟ್ಟಿದೆ. ಅಂಥ ಬೈಕನ್ನು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದೇ ಸಮನೆ ಹೆಚ್ಚು ಆರ್‌ಪಿಎಂನಲ್ಲಿ ಓಡಿಸಿದರೆ ಹಿರಿಯೂರು ಬರುವಷ್ಟರಲ್ಲಿ ಬ್ಯಾಟರಿ ಕುದಿಯುತ್ತದೆ. ಎಂಜಿನ್ ಓಡುವಾಗ ಯಾವ ಕಾರಣಕ್ಕೂ ಬ್ಯಾಟರಿ ತಂತಿ ಬಿಚ್ಚಬೇಡಿ. ಹಳೆಯ ಬೈಕ್‌ಗಳಲ್ಲಿ ಕೆಲವರು ಹಾಗೆ ಪರೀಕ್ಷೆ ಮಾಡುತ್ತಿದ್ದರು. ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಬೈಕಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಜಿಗಿದು ಇಸಿಯು, ಅಂದರೆ ಎಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್, ಸುಟ್ಟುಹೋಗಬಹುದು.

ಚಾರ್ಜ್ ಆಗುತ್ತಿಲ್ಲವೆಂದಾದರೆ

ರೆಕ್ಟಿಫೈಯರ್ ಬದಲಿಸುವ ಮುಂಚೆ ಅದಕ್ಕೆ ಬರುವ ತಂತಿಗಳನ್ನು ಜೋಡಿಸುವ ಕಪ್ಲರ್ ನೋಡಿ. ಹೆಚ್ಚಿನ ಬೈಕ್‌ಗಳಲ್ಲಿ ಕಾಯಿಲ್ ಇರುವ ಮ್ಯಾಗ್ನೆಟ್ ಕಡೆಯಿಂದ ಒಂದೇ ಬಣ್ಣದ ಮೂರು ತಂತಿ ಬಂದು ಪ್ಲಾಸ್ಟಿಕ್ ಕಪ್ಲರ್‌ಗೆ ಸೇರುತ್ತವೆ. ಬಿಚ್ಚಿ ನೋಡಿದರೆ ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಅಂಚು ಕರಗಿ, ಪಿನ್ ಕಪ್ಪಾಗಿರುವುದು ಬಹಳ ಸಾಮಾನ್ಯ. ಪಿನ್ ಸಡಿಲವಾಗಿ, ಅಲ್ಲಿ ಬಿಸಿ ಹುಟ್ಟಿ, ಬಿಸಿಗೆ ಇನ್ನಷ್ಟು ಸಡಿಲವಾಗಿ ಹೀಗಾಗುತ್ತದೆ. ಹೊಸ ಕಪ್ಲರ್ ಹಾಕಿಸಿ, ಪಿನ್‌ಗಳನ್ನು ಸರಿಯಾಗಿ ಕ್ರಿಂಪ್ ಮಾಡಿಸಿದರೆ ಎಷ್ಟೋ ಬೈಕ್‌ಗಳಲ್ಲಿ ಚಾರ್ಜಿಂಗ್ ಅಲ್ಲಿಗೇ ಸರಿಹೋಗುತ್ತದೆ. ತಂತಿ ಕತ್ತರಿಸಿ ತಿರುಚಿ ಟೇಪ್ ಸುತ್ತುವುದು ಊರು ಸೇರುವವರೆಗಿನ ಉಪಾಯವಷ್ಟೆ.

ಕಪ್ಲರ್ ಚೆನ್ನಾಗಿದ್ದರೆ ಕಾಯಿಲ್ ಅಳೆಯಿರಿ. ಕಪ್ಲರ್ ಬಿಚ್ಚಿಟ್ಟು ಮೀಟರನ್ನು ಓಮ್‌ಗೆ ಹಾಕಿ, ಮೂರು ತಂತಿಗಳನ್ನು ಎರಡೆರಡಾಗಿ ನೋಡಿ: ಮೂರು ಜೋಡಿಗೂ ಒಂದೇ ಅಂಕಿ, ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಡಿಮೆ, ಬರಬೇಕು. ಯಾವುದೇ ತಂತಿಯಿಂದ ಎಂಜಿನ್ ಬಾಡಿಗೆ ಸಂಪರ್ಕ ತೋರಿಸಬಾರದು. ತೋರಿಸಿದರೆ ಕಾಯಿಲ್ ಸುಟ್ಟು ಅರ್ತ್ ಆಗಿದೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಮೀಟರನ್ನು ಎಸಿ 200ಕ್ಕೆ ತಿರುಗಿಸಿ ಮತ್ತೆ ಎರಡೆರಡಾಗಿ ಅಳೆಯಿರಿ. ಮೂರೂ ಜೋಡಿ ಸಮವಾಗಿ ಬರಬೇಕು, ಆರ್‌ಪಿಎಂ ಜೊತೆ ಸಮವಾಗಿ ಏರಬೇಕು. ಒಂದು ಜೋಡಿ ಮಾತ್ರ ಕಡಿಮೆ ಬಂದರೆ ದೋಷ ಕಾಯಿಲ್‌ನಲ್ಲಿದೆ. ಮೂರೂ ಸಮವಾಗಿದ್ದು ಬ್ಯಾಟರಿಗೆ ಮಾತ್ರ ಚಾರ್ಜ್ ಬಾರದಿದ್ದರೆ ರೆಕ್ಟಿಫೈಯರ್, ಅಥವಾ ಅದರಿಂದ ಬ್ಯಾಟರಿವರೆಗಿನ ತಂತಿ ಮತ್ತು ಫ್ಯೂಸ್.

ರೆಕ್ಟಿಫೈಯರ್‌ಗೆ ಗಾಳಿ ಬೇಕು. ಎಷ್ಟೋ ಬೈಕ್‌ಗಳಲ್ಲಿರುವ ಶಂಟ್ ಮಾದರಿಯದು ಹೆಚ್ಚುವರಿ ಕರೆಂಟನ್ನೆಲ್ಲ ಬಿಸಿಯಾಗಿ ಹೊರಹಾಕುತ್ತದೆ. ಅದರ ರೆಕ್ಕೆಗಳ ಸಂದಿಯಲ್ಲಿ ಕೆಸರು, ಧೂಳು ಗಟ್ಟಿಯಾಗಿದ್ದರೆ ಹಳೆಯ ಬ್ರಶ್‌ನಿಂದ ತೆಗೆಯಿರಿ. ಲಗೇಜ್ ಬ್ಯಾಗ್ ಅದರ ಮೇಲೆ ಕೂರದಂತೆ ಕಟ್ಟಿ.

ನಿಂತಲ್ಲೇ ಸೋರುವ ಕರೆಂಟ್

ಫಾಗ್ ಲೈಟ್, ಯುಎಸ್‌ಬಿ ಚಾರ್ಜರ್, ಜಿಪಿಎಸ್ ಟ್ರ್ಯಾಕರ್, ಅಲಾರಂ: ದೂರದ ಪ್ರಯಾಣಕ್ಕೆಂದು ಹಾಕಿಸಿದ ಇವೇ ಬ್ಯಾಟರಿಯನ್ನು ಖಾಲಿ ಮಾಡುತ್ತವೆ. ಅಳೆಯುವುದು ಸುಲಭ. ಕೀ ಆಫ್ ಮಾಡಿ, ಮೈನಸ್ ತಂತಿ ಬಿಚ್ಚಿ, ಮೀಟರನ್ನು 10 ಆಂಪಿಯರ್ ಕಿಂಡಿಗೆ ಹಾಕಿ ಕಂಬಕ್ಕೂ ತಂತಿಗೂ ನಡುವೆ ಸೇರಿಸಿ. ಅಂಕಿ ತೀರಾ ಸಣ್ಣದಿದ್ದರೆ ಮಿಲಿಆಂಪಿಯರ್ ಕಿಂಡಿಗೆ ಬದಲಿಸಿ. ಮೀಟರ್ ಹೀಗೆ ಸೇರಿಸಿರುವಾಗ ಕೀ ತಿರುಗಿಸಬೇಡಿ, ಸೆಲ್ಫ್ ಅಂತೂ ಮುಟ್ಟಲೇಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ. ಒಂದೆರಡು ಮಿಲಿಆಂಪಿಯರ್ ಇದ್ದರೆ ಗಡಿಯಾರ, ಇಸಿಯುವಿನ ಸಹಜ ಖರ್ಚು. 15 ಇದ್ದರೆ ದಿನಕ್ಕೆ 0.36 ಆಂಪಿಯರ್ ಅವರ್. 8 ಆಂಪಿಯರ್ ಅವರ್ ಬ್ಯಾಟರಿ ಹನ್ನೊಂದು ದಿನದಲ್ಲಿ ಅರ್ಧ ಖಾಲಿ. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೋ ಸೋರಿಕೆ ಆ ಲೈನಿನಲ್ಲಿದೆ. ಬ್ಯಾಟರಿಗೆ ನೇರ ಕೊಟ್ಟ ಸಾಮಾನಿಗೆ ಪ್ರತ್ಯೇಕ ಫ್ಯೂಸ್ ಇದ್ದರೆ ಅದನ್ನೂ, ಇಲ್ಲವಾದರೆ ಅದರ ತಂತಿಯನ್ನೇ ಬಿಡಿಸಿ ನೋಡಿ.

ಫಾಗ್ ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಕಡ್ಡಾಯ, ಅದರ ಸಿಗ್ನಲ್ ಕೀ ಆನ್ ಆದಾಗ ಮಾತ್ರ ಬರುವ ತಂತಿಯಿಂದ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಲಿ. ತಲಾ 20 ವಾಟ್‌ನ ಎರಡು ಲೈಟು ಸುಮಾರು 3 ಆಂಪಿಯರ್ ಎಳೆಯುತ್ತವೆ, 5 ಆಂಪಿಯರ್ ಫ್ಯೂಸ್ ಸಾಕು.

ಟರ್ಮಿನಲ್

ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಪ್ಲಸ್ ಮೊದಲು. ಇದು ತಲೆಕೆಳಗಾದರೆ ಪ್ಲಸ್ ನಟ್ಟು ತಿರುಗಿಸುವ ಸ್ಪ್ಯಾನರ್ ಫ್ರೇಮಿಗೆ ತಗುಲಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೊರಬರುವ ಜಲಜನಕಕ್ಕೆ ಅಷ್ಟೇ ಸಾಕು.

ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ನೊರೆ ನಿಲ್ಲುವವರೆಗೆ ತಿಕ್ಕಿ ನೀರಿನಿಂದ ಒರೆಸಿ ಒಣಗಿಸಿ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಸೋಡಾ ಒಳಗೆ ಇಳಿಯಕೂಡದು. ಲಗ್ ಮತ್ತು ಕಂಬ ಎರಡನ್ನೂ ಸ್ಯಾಂಡ್ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ವ್ಯಾಸಲೀನ್ ಸವರಿ.

ಬೈಕ್ ಬ್ಯಾಟರಿಯಲ್ಲಿ ಕಾಡುವುದು ಟರ್ಮಿನಲ್‌ನೊಳಗಿನ ಚೌಕದ ನಟ್ಟು. ಬೋಲ್ಟ್ ತೆಗೆದ ಕೂಡಲೇ ಕೆಳಗೆ ಕೂತುಬಿಡುತ್ತದೆ, ಮತ್ತೆ ಬೋಲ್ಟ್ ಹಾಕಿದರೆ ಎಳೆ ಸಿಗುವುದಿಲ್ಲ. ನಟ್ಟಿನ ಕೆಳಗೆ ಸಣ್ಣ ಸ್ಪಂಜಿನ ತುಂಡೋ ಪೆಟ್ರೋಲ್ ಪೈಪಿನ ಬೆರಳುಗುರಿನಷ್ಟು ತುಂಡೋ ತುರುಕಿದರೆ ನಟ್ಟು ಮೇಲೆ ನಿಲ್ಲುತ್ತದೆ. ರಾತ್ರಿ ರಸ್ತೆ ಬದಿಯಲ್ಲಿ ಕೆಲಸ ಮಾಡಬೇಕಾಗಿ ಬಂದಾಗ ಇದರ ಬೆಲೆ ತಿಳಿಯುತ್ತದೆ. ಮೈನಸ್ ಕಂಬದಿಂದ ಹೊರಡುವ ಅರ್ತ್ ತಂತಿಯ ಇನ್ನೊಂದು ತುದಿ ಎಂಜಿನ್ ಅಥವಾ ಫ್ರೇಮಿಗೆ ಸೇರುವ ಬೋಲ್ಟನ್ನೂ ಬಿಚ್ಚಿ ತುಕ್ಕು ಉಜ್ಜಿ ಬಿಗಿ ಮಾಡಿ. ಸೆಲ್ಫ್ ಒತ್ತುವಾಗ ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ ಬಾಡಿಗೂ ನಡುವೆ 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ದೋಷ ಈ ತಂತಿಯಲ್ಲಿದೆ.

ನೀರು ಮತ್ತು ಚಾರ್ಜರ್

ಈಗಿನ ಹೆಚ್ಚಿನ ಬ್ಯಾಟರಿಗಳು ಸೀಲ್ ಆದವು, ತೆರೆಯಲು ಹೋಗಬೇಡಿ. ಮುಚ್ಚಳವಿರುವ ಹಳೆಯ ಮಾದರಿಯಾದರೆ ನೀರು ಮೇಲಿನ ಗೆರೆ, ಕೆಳಗಿನ ಗೆರೆಗಳ ನಡುವೆ ಇರಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಲವಣ ಪ್ಲೇಟನ್ನು ಹಾಳುಮಾಡುತ್ತದೆ. ಮನೆಯ ಫಿಲ್ಟರ್ ನೀರೂ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಸಣ್ಣ ವೆಂಟ್ ಪೈಪ್ ಮಡಚಿಕೊಂಡಿದೆಯೇ ನೋಡಿ.

ಚಾರ್ಜ್ ಮಾಡುವ ಕರೆಂಟ್ ಬ್ಯಾಟರಿಯ ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗ. 8 ಆಂಪಿಯರ್ ಅವರ್‌ಗೆ 0.8 ಆಂಪಿಯರ್, ಅರ್ಧ ಖಾಲಿಯಾದದ್ದು ತುಂಬಲು ಆರೇಳು ಗಂಟೆ. ಅಂಗಡಿಗೆ ಕೊಟ್ಟರೆ ಕಾರಿನ ಚಾರ್ಜರ್‌ನಲ್ಲಿ ಒಂದು ಗಂಟೆಯ ಬೂಸ್ಟ್ ಬೇಡ, ನಿಧಾನಕ್ಕೆ ರಾತ್ರಿಯಿಡೀ ಹಾಕಿ ಎಂದು ಕೇಳಿಕೊಳ್ಳಿ. ಸೀಲ್ ಆದ ಸಣ್ಣ ಬ್ಯಾಟರಿಗೆ ಬೂಸ್ಟ್ ಕೊಟ್ಟರೆ ಒಳಗಿನ ತೇವ ಆವಿಯಾಗುತ್ತದೆ, ಅದನ್ನು ಮತ್ತೆ ತುಂಬಿಸುವ ದಾರಿ ಇಲ್ಲ. ಲಿಥಿಯಂ ಬ್ಯಾಟರಿ ಹಾಕಿಸಿದವರಿಗೆ ಮೇಲಿನ ವೋಲ್ಟೇಜ್ ಲೆಕ್ಕ ಹೊಂದುವುದಿಲ್ಲ. ಅದಕ್ಕೆ ಅದರದೇ ಚಾರ್ಜರ್ ಬೇಕು.

ಬ್ಯಾಟರಿಗೆ ಮೂರು ವರ್ಷ ಆಗಿ, ಸೆಲ್ಫ್ ಅಳತೆಯೂ 10ರ ಹತ್ತಿರ ಬಂದಿದ್ದರೆ ಹೊರಡುವ ಮುಂಚೆಯೇ ಬದಲಿಸಿ. ಹೊಸದನ್ನು ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ವಾರಂಟಿ ಕಾರ್ಡಿಗೆ ತಾರೀಖು ಹಾಕಿಸಿ. ಆಸಿಡ್ ಬೇರೆ ಬರುವ ಮಾದರಿಯಾದರೆ ತುಂಬಿಸಿ ಅರ್ಧ ಗಂಟೆಯಾದರೂ ಬಿಟ್ಟು, ಪೂರ್ತಿ ಚಾರ್ಜ್ ಮಾಡಿಯೇ ಬೈಕಿಗೆ ಕೂರಿಸಬೇಕು. ಆತುರಕ್ಕೆ ಹಾಗೇ ಕೂರಿಸಿದರೆ ಅದು ಎಂದೂ ಪೂರ್ತಿ ಸಾಮರ್ಥ್ಯಕ್ಕೆ ಬರುವುದಿಲ್ಲ.

ದಾರಿಯಲ್ಲಿ ನಿಂತರೆ

ಕೀ ತಿರುಗಿಸಿದರೂ ಒಂದು ದೀಪವೂ ಹತ್ತದಿದ್ದರೆ ಮೊದಲು ಟರ್ಮಿನಲ್ ಅಲುಗಾಡಿಸಿ, ಆಮೇಲೆ ಮುಖ್ಯ ಫ್ಯೂಸ್ ನೋಡಿ. ದೀಪ ಹತ್ತಿ, ಸೆಲ್ಫ್‌ಗೆ ಒಂದರ ಹಿಂದೆ ಒಂದು 'ಟಕ್ ಟಕ್' ಬಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ದೀಪ ಮಂಕಾಗದೆ ಒಂದೇ ಒಂದು 'ಟಕ್' ಬಂದು ಸುಮ್ಮನಾದರೆ ಸೆಲ್ಫ್ ರಿಲೇ ಅಥವಾ ಮೋಟರ್ ಕಡೆ ನೋಡಬೇಕು. ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಇವನ್ನೂ ಮರೆಯಬೇಡಿ.

ಓಡುತ್ತಿರುವಾಗಲೇ ಹೆಡ್‌ಲೈಟ್ ಮಂಕಾಗಿ, ಮೀಟರ್ ಕನ್ಸೋಲ್ ಮಿನುಗತೊಡಗಿದರೆ ಚಾರ್ಜಿಂಗ್ ನಿಂತಿದೆ, ಬೈಕ್ ಬ್ಯಾಟರಿಯ ಮೇಲೇ ಓಡುತ್ತಿದೆ. ಎಂಜಿನ್ ಆಫ್ ಮಾಡಬೇಡಿ, ಫಾಗ್ ಲೈಟ್, ಫೋನ್ ಚಾರ್ಜರ್ ತೆಗೆಯಿರಿ. ಇಂಜೆಕ್ಷನ್ ಬೈಕಿನ ಪೆಟ್ರೋಲ್ ಪಂಪ್, ಇಸಿಯು, ಹೆಡ್‌ಲೈಟ್ ಸೇರಿ ಏಳೆಂಟು ಆಂಪಿಯರ್ ಎಳೆದರೆ 8 ಆಂಪಿಯರ್ ಅವರ್ ಬ್ಯಾಟರಿ ಒಂದು ಗಂಟೆಯೂ ತಡೆಯುವುದಿಲ್ಲ. ಶಿರಾದಲ್ಲಿ ಈ ಲಕ್ಷಣ ಕಂಡರೆ ಸುಮಾರು 50 ಕಿಲೋಮೀಟರ್ ದೂರದ ತುಮಕೂರು ಮುಟ್ಟಿಬಿಡೋಣ ಎಂದು ಹೊರಡಬೇಡಿ, ಶಿರಾದಲ್ಲೇ ಆಟೋ ಎಲೆಕ್ಟ್ರಿಷಿಯನ್ ಹುಡುಕಿ. ಕೊಳೆತ ಮೊಟ್ಟೆಯ ವಾಸನೆ ಬಂದು ಬ್ಯಾಟರಿ ಉಬ್ಬಿದ್ದರೆ ಅದು ಓವರ್‌ಚಾರ್ಜ್. ಎಂಜಿನ್ ಆಫ್ ಮಾಡಿ ಆರಲು ಬಿಡಿ. ಉಬ್ಬಿದ ಬ್ಯಾಟರಿಗೆ ಜಂಪ್ (ಇನ್ನೊಂದು ಬ್ಯಾಟರಿಯಿಂದ ಕರೆಂಟ್) ಕೊಡಬಾರದು.

ತಳ್ಳಿ ಸ್ಟಾರ್ಟ್ ಮಾಡುವುದಾದರೆ ಕೀ ಆನ್ ಮಾಡಿ ಪಂಪಿನ 'ಝುಂಯ್' ಸದ್ದು ನಿಲ್ಲುವವರೆಗೆ ಕಾಯಿರಿ. ಎರಡನೇ ಗೇರ್, ಕ್ಲಚ್ ಹಿಡಿದು ತಳ್ಳಿಸಿ, ಗಂಟೆಗೆ 15 ಕಿಲೋಮೀಟರ್ ವೇಗ ಬಂದಾಗ ಸೀಟಿನ ಮೇಲೆ ಭಾರ ಹಾಕಿ ಕ್ಲಚ್ ತಟ್ಟನೆ ಬಿಟ್ಟು, ಎಂಜಿನ್ ಹತ್ತಿದ ಕೂಡಲೇ ಮತ್ತೆ ಹಿಡಿಯಿರಿ. ಕನ್ಸೋಲೇ ಹತ್ತದಷ್ಟು ಬ್ಯಾಟರಿ ಸತ್ತಿದ್ದರೆ ಇಂಜೆಕ್ಷನ್ ಬೈಕ್ ಎಷ್ಟು ತಳ್ಳಿದರೂ ಹತ್ತುವುದಿಲ್ಲ, ಸುಮ್ಮನೆ ಬೆವರು. ಹಿಂದಿನ ಚಕ್ರ ಎಂಜಿನ್ನನ್ನು ತಿರುಗಿಸಲು ಹೋದಾಗ ಜಾರುವ ಸ್ಲಿಪ್ಪರ್ ಕ್ಲಚ್ ಇರುವ ಬೈಕ್‌ಗಳೂ ತಳ್ಳಿದರೆ ಸುಲಭಕ್ಕೆ ಒಗ್ಗುವುದಿಲ್ಲ.

ಜಂಪ್ ಕೊಡುವ ಕ್ರಮ: ಕೆಂಪು ತಂತಿಯ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ತಂತಿ ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಬೈಕಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರಕ್ಕೆ. ಕಾರಿನಿಂದ ಕೊಡುವುದಾದರೆ ಕಾರಿನ ಎಂಜಿನ್ ಆಫ್ ಇರಲಿ. ಸ್ಟಾರ್ಟ್ ಆದ ಮೇಲೆ ಹಾಕಿದ ಕ್ರಮಕ್ಕೆ ಉಲ್ಟಾ ತೆಗೆಯಿರಿ.

ಬ್ಯಾಗಿನಲ್ಲಿ ಇವು ಇರಲಿ: ಸಣ್ಣ ಮಲ್ಟಿಮೀಟರ್, 10 ನಂಬರ್ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ನಿಮ್ಮ ಬೈಕಿನ ಅಳತೆಯ ಎರಡು ಮುಖ್ಯ ಫ್ಯೂಸ್, ಟರ್ಮಿನಲ್ ಬೋಲ್ಟ್ ಮತ್ತು ನಟ್ಟು ಒಂದೊಂದು ಜೊತೆ, ಒಂದು ಮೀಟರ್ ದಪ್ಪ ತಂತಿ, ಟೇಪ್, ಸಣ್ಣ ಜಂಪರ್ ಕೇಬಲ್. ಜಂಪ್ ಪ್ಯಾಕ್ (ಜಂಪ್ ಕೊಡುವ ಸಣ್ಣ ಬ್ಯಾಟರಿ) ಇದ್ದರೆ ಬಿಸಿಲಿಗೆ ಕಾಯುವ ಟ್ಯಾಂಕ್ ಬ್ಯಾಗಿನಲ್ಲಿ ಇಡಬೇಡಿ, ಹಿಂದಿನ ಬ್ಯಾಗಿನ ತಳದಲ್ಲಿ ಬಟ್ಟೆಯೊಳಗೆ ಇಡಿ.

ಜಂಪ್ ಅಥವಾ ತಳ್ಳುವಿಕೆಯಿಂದ ಹೊರಟ ಬೈಕನ್ನು ರಾತ್ರಿ ತಂಗುವ ಊರಿನವರೆಗೆ ನಿಲ್ಲಿಸದೆ ಓಡಿಸಿ, ಪೆಟ್ರೋಲ್ ಬಂಕಿನಲ್ಲಿ ನಿಲ್ಲಲೇಬೇಕಾದರೆ ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲಿಸಿ. ತಂಗಿದ ಜಾಗದಲ್ಲಿ ಬ್ಯಾಟರಿ ಬಿಚ್ಚಿ ರಾತ್ರಿಯಿಡೀ ಚಾರ್ಜರ್‌ಗೆ ಹಾಕಿ. ಓಡಿಸಿದ್ದರಿಂದ ಅದು ಪೂರ್ತಿ ತುಂಬಿರುವುದಿಲ್ಲ. ಬೆಳಗ್ಗೆ ಚಾರ್ಜರ್ ತೆಗೆದು ಎರಡು ಗಂಟೆ ಬಿಟ್ಟು ಮೂರೂ ಅಳತೆ ನೋಡಿ, ಮುಂದೆ ಹೋಗುವುದೋ ಹಿಂತಿರುಗುವುದೋ ಆಗ ತೀರ್ಮಾನಿಸಿ. ಬದಲಿಸಿದ ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಹೊಸದು ಕೊಂಡ ಅಂಗಡಿಗೇ ಕೊಟ್ಟು ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಸಿಕೊಳ್ಳಿ.